ಸ್ಕ್ಯಾನರ್ ಕೌಂಟರಿಗಷ್ಟೇ ಸಾಲದು, ಮಾಲು ಇಳಿಸುವ ಬಾಗಿಲಿಗೂ ಬೇಕು

ಪ್ರಶ್ನೆ: ಅರಸೀಕೆರೆಯಲ್ಲಿ ನಮ್ಮದೊಂದು ಪ್ರಾವಿಜನ್ ಸ್ಟೋರ್ ಇದೆ. ಇಪ್ಪತ್ತೆಂಟು ವರ್ಷದ ಹಿಂದೆ ತಂದೆ ಸಣ್ಣ ಕಿರಾಣಿ ಅಂಗಡಿಯಾಗಿ ಶುರು ಮಾಡಿದ್ದು. ಮೂರು ವರ್ಷದಿಂದ ಗಿರಾಕಿಗಳೇ ಬುಟ್ಟಿ ಹಿಡಿದು ಆರಿಸಿಕೊಳ್ಳುವ ಹಾಗೆ ಮಾಡಿದ್ದೇವೆ. ಸುಮಾರು 3,000 ಐಟಂ, ಎರಡು ಬಿಲ್ಲಿಂಗ್ ಕೌಂಟರ್. ಬಿಲ್ಲು ಕಂಪ್ಯೂಟರಿನಲ್ಲೇ ಆಗುತ್ತದೆ, ಆದರೆ ಐಟಂ ಹೆಸರು ಟೈಪ್ ಮಾಡಿ. ಸಂಜೆ ಸಾಲು ಬಾಗಿಲ ತನಕ ಬರುತ್ತದೆ. ಕಂಪ್ಯೂಟರಿನ ಸ್ಟಾಕಿಗೂ ರ‍್ಯಾಕಿನಲ್ಲಿರುವ ಸ್ಟಾಕಿಗೂ ತಾಳೆಯೇ ಆಗುವುದಿಲ್ಲ. ಬಾರ್‌ಕೋಡ್ ಹಾಕೋಣ ಎಂದರೆ ತಂದೆ, ‘ನಮ್ಮ ಹುಡುಗರಿಗೆ ಎಲ್ಲ ರೇಟೂ ಬಾಯಿಪಾಠ, ಸುಮ್ನೆ ದುಡ್ಡು ದಂಡ’ ಅನ್ನುತ್ತಾರೆ. ನಿಜವಾಗಿ ವ್ಯಾಪಾರಕ್ಕೆ ಎಷ್ಟು ಉಪಯೋಗ? ಬೇಳೆ, ಅಕ್ಕಿಯಂಥ ಬಿಡಿ ಮಾಲಿಗೆ ಏನು ಮಾಡುವುದು?

ಉತ್ತರ: ಹಾಕಿಸಿ. 3,000 ಐಟಂ, ಎರಡು ಕೌಂಟರ್ ಇರುವ ಅಂಗಡಿಯನ್ನು ಹೆಸರು ಟೈಪ್ ಮಾಡಿಕೊಂಡು ನಡೆಸುವುದು ಕಷ್ಟ. ಹದಿನೆಂಟು ವರ್ಷದಿಂದ ಅಂಗಡಿ, ಗೋಡೌನುಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ವ್ಯವಸ್ಥೆ ಕೂರಿಸಿಕೊಡುವುದೇ ನನ್ನ ಕೆಲಸ. ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಕ್ಯಾನರ್ ಎಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಕೌಂಟರಿನ ಸಾಲಿನ ಮೇಲೆ. ಸಾಲು ಕರಗುತ್ತದೆ, ನಿಜ. ಆದರೆ ಹಾಕಿದ ದುಡ್ಡಿನ ದೊಡ್ಡ ಪಾಲು ವಾಪಸ್ ಬರುವುದು ಮಾಲು ಇಳಿಸಿಕೊಳ್ಳುವ ಜಾಗದಿಂದ. ಅಲ್ಲಿ ಸ್ಕ್ಯಾನ್ ಮಾಡದೆ ಕೌಂಟರಿನಲ್ಲಿ ಮಾತ್ರ ಮಾಡಿದರೆ ನಿಮ್ಮ ತಂದೆಯವರ ಮಾತೇ ನಿಜವಾದೀತು.

ಆ ಗೆರೆಗಳ ಒಳಗೆ ಏನಿದೆ ಅಂತ ಮೊದಲು ತಿಳಿಯಿರಿ. ಬೆಲೆ ಇಲ್ಲ. ಹೆಸರು ಇಲ್ಲ. ಎಕ್ಸ್‌ಪೈರಿ ದಿನಾಂಕವೂ ಇಲ್ಲ. ಇರುವುದು 13 ಅಂಕಿಯ ಒಂದು ನಂಬರ್, ಅಷ್ಟೇ. ನಮ್ಮ ದೇಶದ ಕಂಪನಿಗಳ ಪ್ಯಾಕಿನ ಮೇಲೆ ಅದು ಸಾಮಾನ್ಯವಾಗಿ 890ರಿಂದ ಶುರುವಾಗುತ್ತದೆ. ಜಿಎಸ್‌1 ಇಂಡಿಯಾ ಎಂಬ ಸಂಸ್ಥೆ ಕೊಡುವ ನಂಬರ್ ಇದು. 890 ಇದ್ದರೆ ಭಾರತದಲ್ಲೇ ತಯಾರಾದದ್ದು ಅಂತ ಎಷ್ಟೋ ಜನ ನಂಬಿದ್ದಾರೆ. ಹಾಗೇನಿಲ್ಲ. ಆ ಕಂಪನಿ ನಂಬರ್ ಪಡೆದದ್ದು ಇಲ್ಲಿ ಅಂತ ಮಾತ್ರ ಅದರ ಅರ್ಥ. ಸ್ಕ್ಯಾನರ್ ಈ ನಂಬರನ್ನು ಓದಿ ಕಂಪ್ಯೂಟರಿಗೆ ಕೊಡುತ್ತದೆ. ಹೆಸರು, ಬೆಲೆ, ತೆರಿಗೆ ಎಲ್ಲವೂ ಬರುವುದು ನೀವು ಐಟಂ ಮಾಸ್ಟರಿನಲ್ಲಿ, ಅಂದರೆ ಕಂಪ್ಯೂಟರಿನ ಮೂಲ ಐಟಂ ಪಟ್ಟಿಯಲ್ಲಿ, ಬರೆದಿಟ್ಟದ್ದರಿಂದ. ಅಲ್ಲಿ ತಪ್ಪಿದ್ದರೆ ತಪ್ಪೇ ಬರುತ್ತದೆ, ಅದೂ ಬಹಳ ಬೇಗ.

ಈ ನಂಬರಿನ ಕೊನೆಯ ಅಂಕಿ ನನಗೆ ತುಂಬಾ ಇಷ್ಟ. ಅದು ಕಾವಲುಗಾರ. 8901234567890 ಎಂಬ ನಂಬರ್ ತೆಗೆದುಕೊಳ್ಳಿ. ಮೊದಲ ಹನ್ನೆರಡು ಅಂಕಿಗಳಲ್ಲಿ ಒಂದು ಬಿಟ್ಟು ಒಂದನ್ನು, ಅಂದರೆ 8, 0, 2, 4, 6, 8 ಇವನ್ನು ಕೂಡಿದರೆ 28. ಉಳಿದ 9, 1, 3, 5, 7, 9 ಕೂಡಿದರೆ 34, ಅದರ ಮೂರರಷ್ಟು 102. ಎರಡೂ ಸೇರಿ 130. ಇದನ್ನು ಹತ್ತರ ಮಗ್ಗಿಗೆ ತರಲು ಇನ್ನೆಷ್ಟು ಬೇಕು? ಏನೂ ಬೇಡ. ಅದಕ್ಕೇ ಕೊನೆಯ ಅಂಕಿ 0. ಈಗ ನಡುವಿನ 4 ಎಂಬುದು 7 ಅಂತ ಓದಿಕೊಂಡಿತು ಅನ್ನಿ. ಮೊತ್ತ 133 ಆಗುತ್ತದೆ, ಕೊನೆಗೆ 7 ಇರಬೇಕಾಗುತ್ತದೆ, ಆದರೆ ಇರುವುದು 0. ಸ್ಕ್ಯಾನರ್ ಬೀಪ್ ಅನ್ನುವುದೇ ಇಲ್ಲ. ಒಂದು ಅಂಕಿ ತಪ್ಪಿದರೆ ಈ ಲೆಕ್ಕ ಪ್ರತಿ ಸಲವೂ ಹಿಡಿದುಹಾಕುತ್ತದೆ.

ಹೆಸರು ಟೈಪ್ ಮಾಡುವಾಗ ಇಂಥ ಕಾವಲು ಎಲ್ಲಿದೆ ಹೇಳಿ? ಹುಡುಗ ‘ಪಾರ್’ ಅಂತ ಹೊಡೆಯುತ್ತಾನೆ. ಎಂಟು ಹೆಸರು ಬರುತ್ತವೆ. 5 ರೂಪಾಯಿಯದ್ದು, 10 ರೂಪಾಯಿಯದ್ದು, ಫ್ಯಾಮಿಲಿ ಪ್ಯಾಕು. ಸಾಲು ನಿಂತಿದೆ, ಅವಸರ. ಬೆಲೆ ಸರಿ ಕಂಡದ್ದನ್ನು ಒತ್ತುತ್ತಾನೆ. ಬಿಲ್ಲಿನ ಮೊತ್ತ ಸರಿ, ಗಿರಾಕಿಗೆ ತಕರಾರಿಲ್ಲ, ಗಲ್ಲಾಪೆಟ್ಟಿಗೆಯೂ ಸರಿ. ಸ್ಟಾಕಿನಲ್ಲಿ ಮಾತ್ರ ಬೇರೆ ಬಿಸ್ಕೆಟ್ ಕಡಿಮೆಯಾಗಿದೆ. ಕೈಯಲ್ಲಿ ಎಂಟ್ರಿ ಮಾಡುವ ತಪ್ಪಿನ ಗುಣವೇ ಇದು. ಸದ್ದಿಲ್ಲದೆ ಆಗುತ್ತದೆ, ಸರಿಯಾದದ್ದರ ಹಾಗೇ ಕಾಣುತ್ತದೆ. ನಿಮ್ಮ ಕಂಪ್ಯೂಟರಿನ ಲೆಕ್ಕ ತಾಳೆಯಾಗದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಇನ್ನೂ ಒಂದಿದೆ, ಅನುಮಾನವಿದ್ದರೆ ನಿಮ್ಮ ಐಟಂ ಪಟ್ಟಿ ತೆಗೆದು ನೋಡಿ. ಒಂದೇ ಸೋಪು ಮೂರು ಹೆಸರಿನಲ್ಲಿ ಇದ್ದೇ ಇರುತ್ತದೆ. ಬೇರೆ ಬೇರೆ ಹುಡುಗರು ಬೇರೆ ಬೇರೆ ಕಾಲದಲ್ಲಿ ಸೇರಿಸಿದ್ದು. ಒಂದರಲ್ಲಿ ಸ್ಟಾಕ್ 60, ಇನ್ನೊಂದರಲ್ಲಿ ಮೈನಸ್ 41. ನಂಬರ್ ಒಂದೇ ಆದಾಗ ಈ ಮೂರು ಹೆಸರೂ ಒಂದಾಗಲೇಬೇಕು.

ಅಂದ ಹಾಗೆ, ಈ ತಂತ್ರ ಹುಟ್ಟಿದ್ದೇ ದಿನಸಿ ವ್ಯಾಪಾರದವರ ಕಷ್ಟದಿಂದ. 1948ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ದಿನಸಿ ಅಂಗಡಿಗಳ ಒಡೆಯರೊಬ್ಬರು ಡ್ರೆಕ್ಸೆಲ್ ಕಾಲೇಜಿಗೆ ಬಂದು, ಬಿಲ್ಲು ಮಾಡುವಾಗಲೇ ಸರಕಿನ ಲೆಕ್ಕ ತಾನಾಗಿ ಸಿಗುವ ಹಾಗೆ ಏನಾದರೂ ಮಾಡಿಕೊಡಿ ಎಂದು ಕೇಳಿದರಂತೆ. ಅದು ಬರ್ನಾರ್ಡ್ ಸಿಲ್ವರ್ ಎಂಬ ವಿದ್ಯಾರ್ಥಿಯ ಕಿವಿಗೆ ಬಿತ್ತು. ಅವರು ಗೆಳೆಯ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್‌ಗೆ ಹೇಳಿದರು. ವುಡ್‌ಲ್ಯಾಂಡ್ ಕಡಲ ತೀರದ ಮರಳಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಾ ಕೂತಾಗ ಹೊಳೆದ ಯೋಚನೆ ಇದು. 1952ರಲ್ಲಿ ಪೇಟೆಂಟ್ ಸಿಕ್ಕಿತು. ಅಂಗಡಿಯಲ್ಲಿ ಈಗಿನ ರೀತಿಯ ಬಾರ್‌ಕೋಡಿನ ಮೊದಲ ಬಿಲ್ಲು ಆದದ್ದು 1974ರ ಜೂನ್ 26ರಂದು, ಒಹಾಯೊದ ಟ್ರಾಯ್ ಎಂಬ ಊರಿನ ಸೂಪರ್ ಮಾರ್ಕೆಟಿನಲ್ಲಿ, ಒಂದು ಚ್ಯೂಯಿಂಗ್ ಗಮ್ ಪ್ಯಾಕಿಗೆ. 1948ರಲ್ಲಿ ಆ ಅಂಗಡಿ ಒಡೆಯರು ಕೇಳಿದ್ದೂ ಸರಕಿನ ಲೆಕ್ಕವನ್ನೇ.

ಈಗ ನಿಮ್ಮ ಸಾಲಿನ ವಿಷಯ. ಇದಕ್ಕೆ ಬೇರೆಯವರ ಅಂಕಿಅಂಶ ಬೇಡ, ನಿಮ್ಮದೇ ಸಾಕು. ಒಂದು ಶನಿವಾರ ಸಂಜೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೌಂಟರ್ ಪಕ್ಕ ನಿಲ್ಲಿ. ಹತ್ತು ಬಿಲ್ಲು ನೋಡಿ. ಐಟಂ ಎಷ್ಟು, ಸೆಕೆಂಡ್ ಎಷ್ಟು ಬರೆದುಕೊಳ್ಳಿ. ಒಂದು ಐಟಂಗೆ 7 ಸೆಕೆಂಡ್ ಬಂದರೆ 20 ಐಟಂ ಬಿಲ್ಲಿಗೆ 140 ಸೆಕೆಂಡ್. ಸ್ಕ್ಯಾನ್ ಮಾಡಿದಾಗ 3 ಸೆಕೆಂಡ್ ಅಂತ ಇಟ್ಟರೆ ಒಂದೇ ನಿಮಿಷ. ದುಡ್ಡು ಕೊಡುವುದು, ಚಿಲ್ಲರೆ ಹುಡುಕುವುದು, ಚೀಲಕ್ಕೆ ತುಂಬುವುದು ಇವೆಲ್ಲ ಹಾಗೇ ಇರುತ್ತವೆ. ಹಾಗಾಗಿ ಸಾಲು ಪೂರ್ತಿ ಮಾಯವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂರನೇ ಕೌಂಟರ್ ಹಾಕುವ ಖರ್ಚು ಮಾತ್ರ ಮುಂದಕ್ಕೆ ಹೋಗುತ್ತದೆ.

ಬಾಯಿಪಾಠದ ಮಾತಿಗೆ ಬರೋಣ. ನಿಮ್ಮ ತಂದೆ ಹೇಳಿದ್ದು ಸುಳ್ಳಲ್ಲ. ಹಳೇ ಹುಡುಗರಿಗೆ ಸಾವಿರ ರೇಟು ತಲೆಯಲ್ಲಿರುವುದನ್ನು ನಾನೂ ನೋಡಿದ್ದೇನೆ, ಅದು ದೊಡ್ಡ ವಿದ್ಯೆ. ಆದರೆ ಆ ಹುಡುಗ ಊರ ಜಾತ್ರೆಗೆ ಅಂತ ನಾಲ್ಕು ದಿನ ರಜೆ ಹಾಕಿದರೆ? ಬೆಂಗಳೂರಿನಲ್ಲಿ ಎರಡು ಸಾವಿರ ಜಾಸ್ತಿ ಸಂಬಳ ಸಿಕ್ಕಿತು ಅಂತ ಹೊರಟೇಬಿಟ್ಟರೆ? ಹೊಸಬನಿಗೆ ಹೆಸರು, ರೇಟು ರೂಢಿಯಾಗಲು ತಿಂಗಳುಗಟ್ಟಲೆ ಬೇಕು. ಸ್ಕ್ಯಾನರ್ ಇದ್ದರೆ ಒಂದೆರಡು ದಿನದಲ್ಲಿ ಕೌಂಟರಿಗೆ ಕೂರಿಸಬಹುದು. ಹಳೇ ಹುಡುಗನ ತಲೆಯನ್ನು ಅದಕ್ಕಿಂತ ಬೆಲೆಯ ಕೆಲಸಕ್ಕೆ ಬಳಸಬಹುದು. ಅದೇ, ಮಾಲು ಇಳಿಸಿಕೊಳ್ಳುವ ಕೆಲಸಕ್ಕೆ.

ನಿಮ್ಮ ಅಂಗಡಿಯಲ್ಲಿ ಇದು ಹೇಗೆ ನಡೆಯುತ್ತದೆ ಅಂತ ಊಹಿಸುತ್ತೇನೆ. ಬೆಳಗ್ಗೆ ಹನ್ನೊಂದಕ್ಕೆ ಡಿಸ್ಟ್ರಿಬ್ಯೂಟರ್ ಗಾಡಿ ಬರುತ್ತದೆ. ಕೌಂಟರಿನಲ್ಲಿ ಗಿರಾಕಿ ಇರುತ್ತಾರೆ. ಬಾಕ್ಸ್ ಎಣಿಸಿ, ಬಿಲ್ಲಿಗೆ ಸೀಲು ಹೊಡೆದು, ಸಹಿ ಹಾಕಿ ಕಳಿಸುತ್ತೀರಿ. ಆ ಬಿಲ್ಲು ಕಂಪ್ಯೂಟರಿಗೆ ಏರುವುದು ರಾತ್ರಿ, ಕೆಲವು ಸಲ ಭಾನುವಾರ. ಅಷ್ಟರಲ್ಲಿ ಅರ್ಧ ಮಾಲು ಮಾರಿಹೋಗಿರುತ್ತದೆ. ಕಂಪ್ಯೂಟರಿನಲ್ಲಿ ಸ್ಟಾಕ್ ಮೈನಸ್ ತೋರಿಸುತ್ತದೆ. ಆಮೇಲೆ ಎಂಟ್ರಿ ಮಾಡುವವನು ಬಿಲ್ಲಿನಲ್ಲಿ ಬರೆದದ್ದನ್ನು ಏರಿಸುತ್ತಾನೆಯೇ ಹೊರತು ಬಾಕ್ಸಿನಲ್ಲಿ ಬಂದದ್ದನ್ನಲ್ಲ. 12ಕ್ಕೆ 1 ಫ್ರೀ ಅಂತ ಸ್ಕೀಮ್ ಇತ್ತು. ಆ ಒಂದೊಂದು ಪೀಸು ಬಂತೋ ಇಲ್ಲವೋ? ಒಂದು ಬಾಕ್ಸಿನಲ್ಲಿ 48ರ ಬದಲು 46 ಇತ್ತೋ? ವಾಪಸ್ ಕಳಿಸಿದ ಡ್ಯಾಮೇಜಿಗೆ ಕ್ರೆಡಿಟ್ ನೋಟ್ (ಅದರ ಹಣ ನಮ್ಮ ಲೆಕ್ಕಕ್ಕೆ ಜಮೆ ಅನ್ನುವ ಚೀಟಿ) ಬಂತೋ? ಯಾರಿಗೂ ಗೊತ್ತಿಲ್ಲ. ತಿಂಗಳ ಕೊನೆಗೆ ಸ್ಟಾಕ್ ಕಡಿಮೆ ಬಂದಾಗ ಅನುಮಾನ ಹುಡುಗರ ಮೇಲೆ. ಎಷ್ಟೋ ಅಂಗಡಿಗಳಲ್ಲಿ ನಿಯತ್ತಿನ ಹುಡುಗರು ಇದರಿಂದಲೇ ಮನಸ್ಸು ಮುರಿದು ಬಿಟ್ಟುಹೋಗಿದ್ದಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಸರಿಯಾದ ಕ್ರಮ ಹೀಗಿದೆ. ಬಾಗಿಲ ಹತ್ತಿರ ಒಂದು ಮೇಜು, ಒಂದು ಸ್ಕ್ಯಾನರ್, ಒಂದು ಹಳೇ ಕಂಪ್ಯೂಟರ್ ಇಡಿ. ಬಂದ ಮಾಲಿನ ಒಂದೊಂದು ಬಗೆಯಲ್ಲೂ ಒಂದು ಪೀಸನ್ನು ಸ್ಕ್ಯಾನ್ ಮಾಡಿ, ಎಣಿಸಿದ ಸಂಖ್ಯೆ ಹಾಕಬೇಕು. ಜೊತೆಗೆ ಎಂಆರ್‌ಪಿ, ಎಕ್ಸ್‌ಪೈರಿ ನೋಡಿ ಹಾಕಬೇಕು. ಆಮೇಲೆ ಪರ್ಚೇಸ್ ಬಿಲ್ಲಿಗೆ ತಾಳೆ ನೋಡಬೇಕು. ವ್ಯತ್ಯಾಸ ಬಂದರೆ ಗಾಡಿ ಹೊರಡುವ ಮುಂಚೆ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಗಾಡಿ ಹೋದ ಮೇಲೆ ಫೋನ್ ಮಾಡಿದರೆ ಯಾರೂ ಒಪ್ಪುವುದಿಲ್ಲ, ಅಲ್ವಾ? ಇಲ್ಲೊಂದು ಎಚ್ಚರಿಕೆ. ದೊಡ್ಡ ಬಾಕ್ಸಿನ ಮೇಲಿರುವ ಬಾರ್‌ಕೋಡೇ ಬೇರೆ, ಒಳಗಿನ ಪೀಸಿನ ಬಾರ್‌ಕೋಡೇ ಬೇರೆ. ಬಾಕ್ಸಿನ ನಂಬರ್ ಸ್ಕ್ಯಾನ್ ಮಾಡುವುದಾದರೆ, ಅದರಲ್ಲಿ ಎಷ್ಟು ಪೀಸು ಅಂತ ಮೊದಲು ಮಾಸ್ಟರಿನಲ್ಲಿ ಕಟ್ಟಿರಬೇಕು. ಇಲ್ಲದಿದ್ದರೆ 48 ಪೀಸು ಬಂದ ಕಡೆ 1 ಅಂತ ಕೂರುತ್ತದೆ.

ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಬಹಳ ವರ್ಷದ ಹಿಂದೆ ಒಂದು ಅಂಗಡಿಗೆ ಮೂರು ಕೌಂಟರಿಗೂ ಸ್ಕ್ಯಾನರ್ ಕೂರಿಸಿದೆ. ಮಾಲು ಇಳಿಸುವ ಕಡೆ ಆಮೇಲೆ ನೋಡೋಣ ಅಂದರು ಮಾಲೀಕರು. ನಾನೂ ಒತ್ತಾಯ ಮಾಡಲಿಲ್ಲ. ಮೂರು ತಿಂಗಳಿಗೆ ಫೋನ್ ಬಂತು. ಸ್ಟಾಕ್ ಮೊದಲಿಗಿಂತ ಕೆಟ್ಟಿತ್ತು. ಮಾರಾಟ ನಿಖರವಾಗಿ ಕಳೆಯುತ್ತಿತ್ತು, ಖರೀದಿ ಮಾತ್ರ ಅಂದಾಜಿನಲ್ಲಿ ಕೂಡುತ್ತಿತ್ತು. ಮತ್ತೆ ಎಲ್ಲ ಎಣಿಸಿ, ಮೊದಲಿಂದ ಶುರು ಮಾಡಬೇಕಾಯಿತು. ಅಂದಿನಿಂದ ಬಾಗಿಲಿಗೆ ಸ್ಕ್ಯಾನರ್ ಇಡುವುದಿಲ್ಲ ಅಂದವರ ಕೆಲಸ ನಾನು ಹಿಡಿಯುವುದಿಲ್ಲ.

ಸ್ಟಾಕ್ ನಂಬುವಂತಾದ ಮೇಲೆ ಏನು ಸಿಗುತ್ತದೆ? ನಿಜವಾದ ಲಾಭ ಇಲ್ಲಿಂದ ಶುರು. ತಿಂಗಳ ಕೊನೆಯ ವಾರ ಸೇಲ್ಸ್‌ಮನ್ ಬರುತ್ತಾನೆ. ಅವನಿಗೆ ಟಾರ್ಗೆಟ್ ಇದೆ. ‘ಅಣ್ಣಾ, ಐದು ಡಜನ್ ಹಾಕ್ತೀನಿ, ಸ್ಕೀಮ್ ಇದೆ’ ಅನ್ನುತ್ತಾನೆ. ಈಗ ನೀವು ರ‍್ಯಾಕಿನ ಕಡೆ ಒಮ್ಮೆ ಕಣ್ಣು ಹಾಯಿಸಿ ಹೂಂ ಅನ್ನುತ್ತೀರಿ. ಸ್ಕ್ಯಾನ್ ಲೆಕ್ಕ ಇದ್ದರೆ ಪರದೆಯ ಮೇಲೆ ಕಾಣುತ್ತದೆ: ಕಳೆದ 30 ದಿನದಲ್ಲಿ ಹೋದದ್ದು 14, ಈಗ ಇರುವುದು 22. ಐದು ಡಜನ್ ತೆಗೆದುಕೊಂಡರೆ ಕೈಲಿರುವುದೂ ಸೇರಿ ಆರು ತಿಂಗಳಿಗೆ ಸಿಕ್ಕಿಕೊಂಡಂತೆ. ‘ಈ ಸಲ ಬೇಡ’ ಅನ್ನಲು ಧೈರ್ಯ ಬರುತ್ತದೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಅಂಗಡಿಯಲ್ಲಿ 15 ಲಕ್ಷದ ಮಾಲಿದೆ, ಅದರಲ್ಲಿ ಒಂದೂವರೆ ಲಕ್ಷದ್ದು ಮೂರು ತಿಂಗಳಿಂದ ಅಲ್ಲಾಡಿಲ್ಲ. ಬ್ಯಾಂಕ್ ಓವರ್‌ಡ್ರಾಫ್ಟ್ ಸಾಲದ ಬಡ್ಡಿ ಶೇ 12 ಅಂದರೂ ವರ್ಷಕ್ಕೆ 18,000 ರೂಪಾಯಿ ಸುಮ್ಮನೆ ಹೋಯಿತು. ಅದರ ಮೇಲೆ ಎಕ್ಸ್‌ಪೈರಿ ನಷ್ಟ ಬೇರೆ. ಇದರ ಇನ್ನೊಂದು ಮುಖವೂ ಇದೆ. ಚೆನ್ನಾಗಿ ಹೋಗುವ ಮಾಲು ಶುಕ್ರವಾರವೇ ಖಾಲಿ, ಶನಿವಾರ ಗಿರಾಕಿ ಪಕ್ಕದ ಅಂಗಡಿಗೆ ಹೋದರು. ಆ ನಷ್ಟ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ.

90 ದಿನದಿಂದ ಮಾರಾಟವಾಗದ ಐಟಂ ಪಟ್ಟಿಯನ್ನು ತಿಂಗಳಿಗೊಮ್ಮೆ ತೆಗೆಯಿರಿ. ಮೊದಲ ಸಲ ತೆಗೆದಾಗ ಮನಸ್ಸಿಗೆ ಬೇಜಾರಾಗುತ್ತದೆ, ಅದು ಎಲ್ಲರಿಗೂ ಆಗುವಂಥದ್ದೇ. ಎಕ್ಸ್‌ಪೈರಿ ಹತ್ತಿರವಿರುವುದನ್ನು ಡಿಸ್ಟ್ರಿಬ್ಯೂಟರ್‌ಗೆ ಗಡುವಿನೊಳಗೆ ಹೇಳಿ. ಆದರೆ ನೆನಪಿರಲಿ, ಗೆರೆಯ ಬಾರ್‌ಕೋಡಿನಲ್ಲಿ ಎಕ್ಸ್‌ಪೈರಿ ಇಲ್ಲ ಅಂದೆನಲ್ಲ. ಮಾಲು ಇಳಿಸುವಾಗ ಆ ದಿನಾಂಕ ಹಾಕಿದ್ದರೆ ಮಾತ್ರ ಈ ಪಟ್ಟಿ ಬರುತ್ತದೆ.

ಇನ್ನು ಎಂಆರ್‌ಪಿ. ಹೊಸದಾಗಿ ಸ್ಕ್ಯಾನರ್ ಹಾಕಿದವರು ಎಡವುವುದು ಇಲ್ಲೇ ಜಾಸ್ತಿ. ನಮ್ಮಲ್ಲಿ ಬೆಲೆ ಬದಲಾದರೂ ಬಾರ್‌ಕೋಡ್ ಸಾಮಾನ್ಯವಾಗಿ ಅದೇ ಇರುತ್ತದೆ. ರ‍್ಯಾಕಿನ ಮುಂದೆ ಹಳೇ ಎಂಆರ್‌ಪಿ, ಹಿಂದೆ ಹೊಸದು, ನಂಬರ್ ಮಾತ್ರ ಒಂದೇ. 2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆಣ್ಣೆ, ಬಿಸ್ಕೆಟ್‌ಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತಲ್ಲ, ಆಗಿನ ಗಡಿಬಿಡಿ ನಿಮಗೂ ನೆನಪಿರಬೇಕು. ಐಟಂ ಮಾಸ್ಟರ್ ಅಚ್ಚುಕಟ್ಟಾಗಿದ್ದವರು ಗುಂಪು ಗುಂಪಾಗಿ ತೆರಿಗೆ ಬದಲಿಸಿ ಮರುದಿನ ಬಾಗಿಲು ತೆರೆದರು. ಒಂದೇ ಸೋಪಿಗೆ ಮೂರು ಹೆಸರು ಇದ್ದವರು ಒಂದನ್ನು ಬದಲಿಸಿ ಎರಡನ್ನು ಮರೆತರು. ಹಾಗಾಗಿ ಸಾಫ್ಟ್‌ವೇರ್ ಕೊಳ್ಳುವಾಗ ಒಂದು ಪ್ರಶ್ನೆ ಕೇಳಲೇಬೇಕು: ಒಂದೇ ಬಾರ್‌ಕೋಡಿಗೆ ಎರಡು ಎಂಆರ್‌ಪಿ ಇದ್ದರೆ ಸ್ಕ್ಯಾನ್ ಮಾಡಿದಾಗ ಎರಡನ್ನೂ ತೋರಿಸಿ ಯಾವುದು ಅಂತ ಕೇಳುತ್ತದಾ? ಇಲ್ಲ ಅಂದರೆ ಆ ಸಾಫ್ಟ್‌ವೇರ್ ನಿಮಗೆ ಬೇಡ. ಪ್ಯಾಕಿನ ಮೇಲಿನ ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ಬಿಲ್ಲಾದರೂ ಅದು ಕಾನೂನಿಗೆ ವಿರುದ್ಧ. ಗಿರಾಕಿಯ ನಂಬಿಕೆ ಹೋಗುವುದು ಅದಕ್ಕಿಂತ ದೊಡ್ಡ ಮಾತು.

ತೆರಿಗೆ ಅಂದಾಗ ಇನ್ನೊಂದು ನೆನಪಾಯಿತು. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟು ಗಾಬರಿ ಇತ್ತು ನೋಡಿ. ಅದರಲ್ಲಿ ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾರಾಟ ಎಷ್ಟು ಅಂತ ತೋರಿಸಲು ಬಿಲ್ಲಿಲ್ಲದವರು ಒದ್ದಾಡಿದರು. ಒಂದೊಂದು ಐಟಂಗೂ ತೆರಿಗೆ ದರ, ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಮಾಲನ್ನು ವಿಂಗಡಿಸುವ ನಂಬರ್) ಒಮ್ಮೆ ಸರಿಯಾಗಿ ಕೂರಿಸಿ, ಪ್ರತಿ ಬಿಲ್ಲೂ ಸ್ಕ್ಯಾನ್ ಮೂಲಕ ಆದರೆ ಈ ವಿಂಗಡಣೆ ತಾನಾಗಿ ಆಗಿರುತ್ತದೆ. ನಿಮ್ಮ ಆಡಿಟರ್ ನಿಮಗೆ ಧನ್ಯವಾದ ಹೇಳುತ್ತಾರೆ.

ಬಿಡಿ ಮಾಲಿನ ಪ್ರಶ್ನೆಗೆ ಬರುತ್ತೇನೆ. ಎರಡು ದಾರಿ ಇವೆ. ಲೇಬಲ್ ಪ್ರಿಂಟ್ ಮಾಡುವ ತೂಕದ ಯಂತ್ರ ಒಂದು. ಬೇಳೆ ತೂಗಿದ ಕೂಡಲೇ ಅದು ಚೀಟಿ ಕೊಡುತ್ತದೆ. ಆ ಚೀಟಿಯ 13 ಅಂಕಿ 2ರಿಂದ ಶುರುವಾಗುತ್ತದೆ. 20ರಿಂದ 29ರವರೆಗಿನ ನಂಬರುಗಳನ್ನು ಅಂಗಡಿಯ ಒಳಗಿನ ಬಳಕೆಗೆ ಅಂತಲೇ ಬಿಟ್ಟಿದ್ದಾರೆ. ಉದಾಹರಣೆಗೆ 21, ಆಮೇಲೆ 00045 ಎಂಬ ತೊಗರಿಬೇಳೆಯ ಕೋಡ್, ಆಮೇಲೆ 01250 ಅಂದರೆ 1 ಕೆಜಿ 250 ಗ್ರಾಂ, ಕೊನೆಗೆ ಕಾವಲು ಅಂಕಿ. ಯಂತ್ರಕ್ಕೂ ಸಾಫ್ಟ್‌ವೇರಿಗೂ ಈ ಜೋಡಣೆ ಒಂದೇ ಇರಬೇಕು. ಯಂತ್ರದ ಮೇಲೆ ತೂಕ, ಅಳತೆ ಪರೀಕ್ಷಿಸುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲೂ ಇರಬೇಕು. ಇನ್ನೊಂದು ದಾರಿ ಬಹಳ ಸರಳ. ತೆಂಗಿನಕಾಯಿ, ಮೊಟ್ಟೆ, ಕರಿಬೇವು, ಹಾಲಿನ ಪ್ಯಾಕೆಟ್ ಇಂಥ ಮೂವತ್ತು ನಲವತ್ತು ಐಟಂಗೆ ನೀವೇ ಕೋಡ್ ಕೊಟ್ಟು, ಒಂದು ಹಾಳೆಯಲ್ಲಿ ಬಾರ್‌ಕೋಡ್ ಪ್ರಿಂಟ್ ಮಾಡಿ, ಲ್ಯಾಮಿನೇಟ್ ಮಾಡಿಸಿ ಕೌಂಟರಿಗೆ ಅಂಟಿಸಿ. ಹಾಲಿನ ಪ್ಯಾಕೆಟ್ ಒದ್ದೆಯಾಗಿ ಸುಕ್ಕಾಗಿರುತ್ತದೆ, ಅದನ್ನು ಹಿಡಿದು ಒದ್ದಾಡುವ ಬದಲು ಹಾಳೆಯ ಮೇಲೆ ಒಮ್ಮೆ ಬೀಪ್ ಅನ್ನಿಸಿ 2 ಅಂತ ಹೊಡೆದರೆ ಮುಗಿಯಿತು.

ಆದರೆ ಬೇಳೆ, ಅಕ್ಕಿಯನ್ನು ಮೊದಲೇ ಕವರಿಗೆ ತುಂಬಿ ಲೇಬಲ್ ಹಾಕಿ ರ‍್ಯಾಕಿನಲ್ಲಿ ಇಡುವ ಮುಂಚೆ ಆಡಿಟರ್ ಹತ್ತಿರ ಮಾತಾಡಿ. ಗಿರಾಕಿಯ ಮುಂದೆ ತೂಗಿಕೊಡುವ ಬಿಡಿ ಅಕ್ಕಿ, ಬೇಳೆಗೆ ಜಿಎಸ್‌ಟಿ ಇಲ್ಲ. ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆಜಿ ತನಕದ ಪ್ಯಾಕಿಗೆ 2022ರ ಜುಲೈ 18ರಿಂದ ಶೇ 5 ಇದೆ. ಜೊತೆಗೆ ಪ್ಯಾಕ್ ಮಾಡಿದವರ ವಿಳಾಸ, ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಿಂಗಳು ಇವೆಲ್ಲ ಲೇಬಲ್ ಮೇಲೆ ಬರಬೇಕು. ಇನ್ನೂ ಒಂದು ಮಾತು. ನಿಮ್ಮ ಅಂಗಡಿಯೊಳಗಿನ ಬಳಕೆಗೆ 890 ನಂಬರ್ ಕೊಳ್ಳಬೇಕಿಲ್ಲ. ನಿಮ್ಮದೇ ಬ್ರ್ಯಾಂಡ್ ಮಾಡಿ ಬೇರೆ ಅಂಗಡಿಗಳಿಗೆ ಮಾರುವುದಾದರೆ ಮಾತ್ರ ಅದು ಬೇಕು.

ಖರ್ಚು. ಗೆರೆ ಮತ್ತು ಕ್ಯೂಆರ್ ಎರಡನ್ನೂ ಓದುವ 2ಡಿ ಸ್ಕ್ಯಾನರ್ ಸುಮಾರು 3,000ದಿಂದ 6,000 ರೂಪಾಯಿ. ನಿಮಗೆ ಮೂರು ಬೇಕು. ಲೇಬಲ್ ಪ್ರಿಂಟರ್ ಸುಮಾರು 10,000ದಿಂದ 15,000. ಬರೀ ಗೆರೆ ಓದುವ ಹಳೇ ಲೇಸರ್ ಸ್ಕ್ಯಾನರ್ ಅಗ್ಗಕ್ಕೆ ಸಿಗುತ್ತದೆ, ತೆಗೆದುಕೊಳ್ಳಬೇಡಿ. 2027ರ ಕೊನೆಯೊಳಗೆ ಅಂಗಡಿಗಳ ಕೌಂಟರುಗಳು 2ಡಿ ಕೋಡ್ ಓದುವಂತಾಗಬೇಕು ಎಂಬ ಗುರಿ ಇಟ್ಟುಕೊಂಡು ಜಿಎಸ್‌1 ಜಗತ್ತಿನಾದ್ಯಂತ ಕೆಲಸ ಮಾಡುತ್ತಿದೆ. ಅದರಲ್ಲಿ ಎಕ್ಸ್‌ಪೈರಿ, ಬ್ಯಾಚ್ ಎಲ್ಲ ಸೇರಿಸಬಹುದು. ಸ್ಕ್ಯಾನರ್ ಕಂಪ್ಯೂಟರಿಗೆ ಕೀಬೋರ್ಡ್ ಇದ್ದ ಹಾಗೆ, ಯುಎಸ್‌ಬಿಗೆ ಸಿಕ್ಕಿಸಿದರೆ ನಂಬರನ್ನು ತಾನೇ ಟೈಪ್ ಮಾಡುತ್ತದೆ. ಹಾಗಾಗಿ ಈಗಿರುವ ಸಾಫ್ಟ್‌ವೇರಿನಲ್ಲೇ ನಡೆಯಬಹುದು. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಇದ್ದರೆ ಐಟಂನ ಅಲಿಯಾಸ್ (ಇನ್ನೊಂದು ಹೆಸರು) ಜಾಗದಲ್ಲಿ ಬಾರ್‌ಕೋಡ್ ನಂಬರ್ ಹಾಕಿ ಮೊದಲು ಒಂದು ರ‍್ಯಾಕ್ ಪರೀಕ್ಷೆ ಮಾಡಿ ನೋಡಿ.

ಕೊಳ್ಳಲು ಹೋಗುವಾಗ ಒಂದು ಚೀಲದಲ್ಲಿ ನಿಮ್ಮದೇ ಮಾಲು ಹಾಕಿಕೊಂಡು ಹೋಗಿ. ಮಿಂಚುವ ಚಿಪ್ಸ್ ಪ್ಯಾಕೆಟ್, ಉರುಟಾದ ಎಣ್ಣೆ ಬಾಟಲಿ, ಸಣ್ಣ ಚ್ಯೂಯಿಂಗ್ ಗಮ್, ಫ್ರೀಜರಿನಿಂದ ತೆಗೆದು ಬೆವರಿದ ಪ್ಯಾಕು. ಎಲ್ಲವನ್ನೂ ಸರಾಗವಾಗಿ ಓದಿದರೆ ತೆಗೆದುಕೊಳ್ಳಿ. ನಿಮ್ಮದೇ ಲೇಬಲ್ ಮಾಡುವಾಗ ಬಿಳಿಯ ಮೇಲೆ ಕಪ್ಪು ಗೆರೆ ಇರಲಿ. ಕೆಂಪು ಗೆರೆ ಚೆನ್ನಾಗಿ ಕಾಣುತ್ತದೆ ಅಂತ ಹಾಕಿಸಬೇಡಿ, ಎಷ್ಟೋ ಸ್ಕ್ಯಾನರಿನ ಬೆಳಕೇ ಕೆಂಪು, ಅದಕ್ಕೆ ಆ ಗೆರೆ ಕಾಣುವುದಿಲ್ಲ.

ದೊಡ್ಡ ಖರ್ಚು ನಿಮ್ಮ ರಾತ್ರಿಗಳು. 3,000 ಐಟಂ, ಒಂದಕ್ಕೆ ಒಂದು ನಿಮಿಷ ಅಂದರೂ 50 ಗಂಟೆ. ಇಬ್ಬರು ದಿನಕ್ಕೆ ಮೂರು ಗಂಟೆ ಕೂತರೆ ಎಂಟು ಒಂಬತ್ತು ರಾತ್ರಿ. ಗಣೇಶ ಹಬ್ಬ, ದೀಪಾವಳಿ ಹತ್ತಿರ ಈ ಕೆಲಸಕ್ಕೆ ಕೈ ಹಾಕಬೇಡಿ. ಒಂದೊಂದೇ ರ‍್ಯಾಕ್ ಹಿಡಿಯಿರಿ. ಬಿಸ್ಕೆಟ್ ಅಥವಾ ಸೋಪಿನಿಂದ ಶುರು ಮಾಡಿ. ಸ್ಕ್ಯಾನ್ ಮಾಡಿ, ಹೆಸರು ಒಂದು ಮಾಡಿ, ಎಂಆರ್‌ಪಿ, ತೆರಿಗೆ ನೋಡಿ, ಎಣಿಸಿ. ಮುಗಿದ ರ‍್ಯಾಕಿಗೆ ಒಂದು ಬಣ್ಣದ ಟೇಪ್ ಅಂಟಿಸಿ. ಟೇಪ್ ಇರುವ ರ‍್ಯಾಕಿನ ಮಾಲನ್ನು ಮರುದಿನದಿಂದ ಯಾರೂ ಹೆಸರು ಟೈಪ್ ಮಾಡಿ ಬಿಲ್ಲು ಹಾಕಬಾರದು. ಈ ನಿಯಮ ಮುರಿಯಲು ಬಿಡಬೇಡಿ.

ಹುಡುಗರಿಗೆ ಎರಡು ವಿಷಯ ಮೊದಲ ದಿನವೇ ಹೇಳಿಕೊಡಿ. ಗಿರಾಕಿ ಆರು ನೂಡಲ್ಸ್ ತಂದರೆ, ಒಂದನ್ನು ಬೀಪ್ ಮಾಡಿ 6 ಅಂತ ಹೊಡೆಯುವ ಮುಂಚೆ ಆರೂ ಒಂದೇ ಬಗೆಯದಾ ಅಂತ ನೋಡಬೇಕು. ಮೂರು ಮಸಾಲ, ಮೂರು ಬೇರೆ ರುಚಿಯದ್ದು ಇರುತ್ತದೆ. ಬೆಲೆ ಒಂದೇ ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ, ಸ್ಟಾಕ್ ಕೆಡುತ್ತದೆ. ಎರಡನೆಯದು, ಕರ್ಸರ್ ಎಲ್ಲಿದೆ ಅಂತ ನೋಡಿ ಸ್ಕ್ಯಾನ್ ಮಾಡಬೇಕು. ಸಂಖ್ಯೆ ಹಾಕುವ ಜಾಗದಲ್ಲಿ ಕರ್ಸರ್ ಇದ್ದಾಗ ಸ್ಕ್ಯಾನ್ ಮಾಡಿದರೆ 13 ಅಂಕಿಯೂ ಅಲ್ಲಿ ಹೋಗಿ ಕೂರುತ್ತದೆ. ಒಂದು ಅಂಗಡಿಯಲ್ಲಿ ಹೀಗೆ ಬಿಲ್ಲಾಗಿ ಆ ದಿನದ ಸ್ಟಾಕ್ ಲೆಕ್ಕವೇ ಹಾಳಾಗಿತ್ತು. ಒಂದು ಐಟಂಗೆ 100ಕ್ಕಿಂತ ಜಾಸ್ತಿ ಹಾಕಿದರೆ ತಡೆಯುವ ವ್ಯವಸ್ಥೆ ಸಾಫ್ಟ್‌ವೇರಿನಲ್ಲಿ ಇದ್ದರೆ ಅದನ್ನು ಆನ್ ಮಾಡಿಡಿ.

ಕೊನೆಗೆ ನಿಮ್ಮ ತಂದೆಯವರು. ಅವರನ್ನು ಒಪ್ಪಿಸಲು ನನ್ನ ಈ ಉತ್ತರ ಓದಿ ಹೇಳಬೇಡಿ. ಒಂದು ರ‍್ಯಾಕ್ ಮುಗಿಸಿ ಒಂದು ತಿಂಗಳು ನಡೆಸಿ. ಆಮೇಲೆ ಆ ರ‍್ಯಾಕಿನ ಪಟ್ಟಿಯನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಕೈಗೆ ಕೊಡಿ. ಐಟಂ, ತಿಂಗಳಲ್ಲಿ ಹೋದದ್ದು, ಈಗ ಇರುವುದು, ಇಷ್ಟೇ ಸಾಕು. ಅದರ ಪಕ್ಕ ಒಂದು ಖಾಲಿ ಕಾಲಂ ಬಿಡಿ: ‘ಎಷ್ಟಕ್ಕಿಂತ ಕಡಿಮೆಯಾದರೆ ತರಿಸಬೇಕು?’ ಇದನ್ನು ಕಂಪ್ಯೂಟರ್ ತಾನಾಗಿ ಹೇಳಲಾರದು. ಯಾವ ಹಬ್ಬಕ್ಕೆ ಬೆಲ್ಲ ಎಷ್ಟು ಹೋಗುತ್ತದೆ, ಕೊಬ್ಬರಿ ರೇಟು ಏರಿದ ವರ್ಷ ಊರಿನ ಜನ ಏನು ಜಾಸ್ತಿ ಕೊಳ್ಳುತ್ತಾರೆ, ಶಾಲೆ ಶುರುವಾದಾಗ ಯಾವ ಬಿಸ್ಕೆಟ್ ಓಡುತ್ತದೆ, ಇದು ಇಪ್ಪತ್ತೆಂಟು ವರ್ಷ ಆ ಗಲ್ಲಾದ ಹಿಂದೆ ಕೂತವರಿಗೆ ಗೊತ್ತು. ಆ ಕಾಲಂ ಅವರೇ ಪೆನ್ನಿನಿಂದ ತುಂಬಲಿ. ನೀವು ಅದನ್ನು ಹಾಗೇ ಮಾಸ್ಟರಿನಲ್ಲಿ ಏರಿಸಿ, ಪ್ರತಿ ಸಂಜೆ ಅದರ ಪ್ರಕಾರ ಬರುವ ಆರ್ಡರ್ ಪಟ್ಟಿಯನ್ನು ಅವರ ಮೇಜಿನ ಮೇಲೆ ಇಡಿ.